ಭುಜದ ನೋವಿಗೆ ಕಾಲಿನಲ್ಲೊಂದು ಬಿಂದು

ಭುಜ ಹಿಡಿದುಕೊಂಡು ಅಕ್ಯುಪಂಕ್ಚರ್ ಚಿಕಿತ್ಸೆಗೆ ಹೋದವರಲ್ಲಿ ಅನೇಕರು ಮೊದಲ ದಿನವೇ ತಬ್ಬಿಬ್ಬಾಗುತ್ತಾರೆ. ನೋವಿರುವುದು ಹೆಗಲಲ್ಲಿ. ಚಿಕಿತ್ಸಕರು ಮಾತ್ರ ‘ಪಂಚೆ ಸ್ವಲ್ಪ ಮೇಲಕ್ಕೆ ಎತ್ತಿ, ಕಾಲು ತೋರಿಸಿ’ ಅನ್ನುತ್ತಾರೆ. ‘ಅಲ್ಲ ಸಾರ್, ನೋವು ಇಲ್ಲಿ’ ಎಂದು ರೋಗಿ ಹೆಗಲು ಮುಟ್ಟಿ ತೋರಿಸುತ್ತಾರೆ. ‘ಗೊತ್ತು, ಆದರೂ ಕಾಲು ಕೊಡಿ’ ಎಂಬ ಉತ್ತರ ಬರುತ್ತದೆ. ಮೊಣಕಾಲಿಗೂ ಪಾದಕ್ಕೂ ನಡುವೆ, ಕಣಕಾಲಿನ ಮೂಳೆಯ ಪಕ್ಕದಲ್ಲಿ ಸೂಜಿ ಇಳಿಯುತ್ತದೆ. ಆ ಜಾಗಕ್ಕೆ ಚೀನೀಯರು ಇಟ್ಟ ಹೆಸರು ಟಿಯಾವ್‌ಕೊ. ಅಕ್ಯುಪಂಕ್ಚರ್ ಪುಸ್ತಕಗಳ ಲೆಕ್ಕದಲ್ಲಿ ಅದು ಜಠರ ನಾಳದ, ಅಂದರೆ ಪ್ರಾಣಶಕ್ತಿ ಹರಿಯುತ್ತದೆಂದು ಅವರು ಹೇಳುವ ಒಂದು ದಾರಿಯ, 38ನೇ ಬಿಂದು. ಇವತ್ತಿನ ನನ್ನ ಮಾತೆಲ್ಲ ಈ ಒಂದು ಬಿಂದುವಿನ ಸುತ್ತ.

ಮೊದಲು ಭುಜದ ವಿಷಯ. ನಮ್ಮ ಮೈಯಲ್ಲಿ ಇಷ್ಟು ದಿಕ್ಕಿಗೆ ತಿರುಗಬಲ್ಲ ಕೀಲು ಇನ್ನೊಂದಿಲ್ಲ. ತೋಳಿನ ಮೂಳೆಯ ದುಂಡು ತಲೆ ಒಂದು ಆಳವಿಲ್ಲದ ಗುಳಿಯಲ್ಲಿ ಕೂತಿರುತ್ತದೆ. ಅದು ಜಾರಿ ಬೀಳದಂತೆ ಹಿಡಿದಿರುವುದು ಸುತ್ತಲಿನ ನಾಲ್ಕು ಸಣ್ಣ ಸ್ನಾಯುಗಳು, ಅವುಗಳನ್ನು ಮೂಳೆಗೆ ಕಟ್ಟುವ ಕಂಡರಗಳು, ಮತ್ತೆ ಕೀಲನ್ನು ಮುಚ್ಚಿಕೊಂಡ ಒಂದು ಚೀಲ. ಭುಜದ ನೋವೆಂದು ಬರುವವರಲ್ಲಿ ಬಹಳ ಮಂದಿಗೆ ತೊಂದರೆ ಇರುವುದು ಈ ಕಂಡರಗಳಲ್ಲಿ. ಇನ್ನು ಕೆಲವರಿಗೆ ಆ ಚೀಲವೇ ದಪ್ಪಗಾಗಿ, ಒಗೆದ ಮೇಲೆ ಕುಗ್ಗಿಹೋದ ರವಿಕೆಯ ತೋಳಿನಂತೆ ಬಿಗಿದುಕೊಳ್ಳುತ್ತದೆ. ಇದೇ ಫ್ರೋಜನ್ ಶೋಲ್ಡರ್. ಅಮೆರಿಕದ ಶಸ್ತ್ರವೈದ್ಯ ಕಾಡ್‌ಮನ್ 1934ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಹೆಚ್ಚಾಗಿ ನಲವತ್ತರಿಂದ ಅರವತ್ತು ವರ್ಷದೊಳಗಿನವರನ್ನು, ಅವರಲ್ಲೂ ಹೆಂಗಸರನ್ನು ಇದು ಕಾಡುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಂತೂ ಹಲವು ಪಟ್ಟು ಹೆಚ್ಚು.

ಇದರ ಕಷ್ಟ ಅನುಭವಿಸಿದವರಿಗೇ ಗೊತ್ತು. ಹಿಂದೆ ಕೈ ತಿರುಗಿಸಿ ಒಳ ಉಡುಪಿನ ಹುಕ್ಕು ಹಾಕಿಕೊಳ್ಳಲು ಆಗುವುದಿಲ್ಲ. ಜಡೆ ಹೆಣೆಯಲು ಮಗಳನ್ನು ಕರೆಯಬೇಕು. ಅಡುಗೆಮನೆಯ ಮೇಲಿನ ಗೂಡಿನಿಂದ ಸಾಂಬಾರ್ ಪುಡಿಯ ಡಬ್ಬ ಇಳಿಸಲು ಸ್ಟೂಲು ಬೇಕು, ಸ್ಟೂಲು ಹತ್ತಿದರೂ ಕೈ ಏಳುವುದಿಲ್ಲ. ನಿಂತು ಪ್ರಯಾಣ ಮಾಡುವವರಿಗೆ ಬಸ್ಸಿನ ಮೇಲಿನ ಕಂಬಿ ಎಟುಕುವುದಿಲ್ಲ. ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ. ಮೊದಲು ಕೆಲವು ತಿಂಗಳು ನೋವಿನ ಕಾಟ, ಆಮೇಲೆ ಬಿಗಿತದ ಕಾಟ, ಕೊನೆಗೆ ತಾನಾಗಿ ನಿಧಾನವಾಗಿ ಬಿಡುವುದು. ಹೀಗೆ ಒಂದರಿಂದ ಮೂರು ವರ್ಷ ಎಳೆಯುತ್ತದೆ. ‘ತಾನಾಗಿ ಹೋಗುತ್ತೆ ಬಿಡಿ’ ಎಂಬ ಸಮಾಧಾನದ ಮಾತು ಮೂರು ವರ್ಷ ನಿದ್ದೆಗೆಟ್ಟವರಿಗೆ ಸಾಲದು.

ಕಂಡರದ ನೋವೋ ಚೀಲದ ಬಿಗಿತವೋ ಎಂದು ಮನೆಯಲ್ಲೇ ಸುಮಾರಾಗಿ ತಿಳಿಯಬಹುದು. ಮೊಣಕೈಯನ್ನು ಪಕ್ಕೆಗೆ ಅಂಟಿಸಿ, ತೊಂಬತ್ತು ಡಿಗ್ರಿಗೆ ಮಡಚಿ, ಮುಂಗೈಯನ್ನು ಹೊರಕ್ಕೆ ತಿರುಗಿಸಲು ಮನೆಯವರಿಗೆ ಹೇಳಿ. ನಿಮ್ಮ ಶಕ್ತಿ ಬೇಡ, ಅವರೇ ಮೆಲ್ಲಗೆ ತಿರುಗಿಸಲಿ. ಇನ್ನೊಂದು ಕೈಯಷ್ಟೇ ದೂರ ಹೋದರೆ ಚೀಲ ಸಡಿಲವಾಗಿಯೇ ಇದೆ. ಬೇರೆಯವರು ತಿರುಗಿಸಿದರೂ ಅರ್ಧದಲ್ಲೇ ಗಕ್ಕನೆ ನಿಂತರೆ ಅದು ಫ್ರೋಜನ್ ಶೋಲ್ಡರ್ ಇರುವ ಸಂಭವ ಹೆಚ್ಚು. ಖಚಿತಪಡಿಸುವುದು ವೈದ್ಯರ ಕೆಲಸ.

ಈಗ ಬಿಂದುವನ್ನು ಹುಡುಕೋಣ. ನೀವು ಕುರ್ಚಿಯ ಮೇಲೆ ಕೂತಿದ್ದರೆ ಈಗಲೇ ಕೈ ಹಾಕಿ ನೋಡಬಹುದು. ಮೊಣಕಾಲನ್ನು ಮಡಚಿ, ಪಾದ ನೆಲದ ಮೇಲಿರಲಿ. ಮೊಣಕಾಲ ಚಿಪ್ಪಿನ ಕೆಳಗೆ ಒಂದು ಗಟ್ಟಿ ಪಟ್ಟಿಯಂಥ ಕಂಡರ ಸಿಗುತ್ತದೆ. ಅದರ ಹೊರಬದಿಯಲ್ಲಿ, ಅಂದರೆ ಕಿರುಬೆರಳಿನ ಕಡೆಗೆ, ಒಂದು ಗುಳಿ ಇದೆ. ಒಂದು ಬೆರಳನ್ನು ಅಲ್ಲಿಡಿ. ಇನ್ನೊಂದು ಕೈಯ ಬೆರಳನ್ನು ಪಾದದ ಕೀಲಿನ ಮುಂಭಾಗದಲ್ಲಿ, ಪಾದ ಮೇಲೆತ್ತಿದಾಗ ಎರಡು ಕಂಡರಗಳ ನಡುವೆ ಕಾಣುವ ತಗ್ಗಿನಲ್ಲಿಡಿ. ಈ ಎರಡು ಬೆರಳುಗಳ ನಡುವಿನ ದೂರವನ್ನು ಸರಿಯಾಗಿ ಅರ್ಧ ಮಾಡಿ. ಆ ಮಟ್ಟದಲ್ಲಿ ಕಣಕಾಲಿನ ಮೂಳೆಯ ಚೂಪು ಅಂಚನ್ನು ಮುಟ್ಟಿ, ಅಲ್ಲಿಂದ ಹೊರಕ್ಕೆ ಒಂದು ನಡುಬೆರಳಿನ ಅಗಲ ಸರಿಯಿರಿ. ಅದೇ ಟಿಯಾವ್‌ಕೊ. ಬೆರಳು ಅಲ್ಲೇ ಇರಲಿ, ಪಾದದ ಮುಂಭಾಗವನ್ನು ನೆಲದಿಂದ ಮೇಲೆತ್ತಿ ನೋಡಿ. ಬೆರಳಿನ ಕೆಳಗೆ ಸ್ನಾಯು ಗಟ್ಟಿಯಾಗಿ ಉಬ್ಬಿದರೆ ನೀವು ಸರಿಯಾದ ಜಾಗದಲ್ಲಿದ್ದೀರಿ. ಭುಜ ನೋವಿರುವ ಕೆಲವರಿಗೆ ಅಲ್ಲಿ ಒತ್ತಿದರೆ ಚೆನ್ನಾಗಿಯೇ ನೋಯುತ್ತದೆ.

ಇಲ್ಲಿ ಅಳತೆಯ ಬಗ್ಗೆ ಒಂದು ಮಾತು. ಚೀನೀ ಪದ್ಧತಿಯಲ್ಲಿ ಮೊಣಕಾಲಿನ ಆ ಗುಳಿಯಿಂದ ಪಾದದ ಕೀಲಿನವರೆಗೆ 16 ‘ತ್ಸುನ್’ ಎಂದು ಲೆಕ್ಕ. ಈ ಬಿಂದು 8 ತ್ಸುನ್ ಕೆಳಗೆ, ನಟ್ಟನಡುವೆ ಇದೆ. ಒಂದು ತ್ಸುನ್ ಅಂದರೆ ರೋಗಿಯ ಸ್ವಂತ ಹೆಬ್ಬೆರಳಿನ ಗೆಣ್ಣಿನ ಅಗಲ. ಆರಡಿ ಆಳಿಗೂ ಹತ್ತು ವರ್ಷದ ಹುಡುಗಿಗೂ ಲೆಕ್ಕ ಒಂದೇ, ಅಳತೆಗೋಲು ಮಾತ್ರ ಅವರವರ ಮೈಯದೇ. ನಮ್ಮ ಆಯುರ್ವೇದದಲ್ಲೂ ಅವರವರ ಬೆರಳಿನಿಂದಲೇ ಮೈಯನ್ನು ಅಳೆಯುವ ಸ್ವಾಂಗುಲಿ ಪ್ರಮಾಣ ಇದೆ. ಇಷ್ಟರಿಂದ ಎರಡೂ ಒಂದೇ ಶಾಸ್ತ್ರ ಎಂದು ಹೇಳಲು ಬರುವುದಿಲ್ಲ. ಆದರೆ ದೇಹವನ್ನು ಕೈಯಿಂದ ಮುಟ್ಟಿ ತಿಳಿದುಕೊಂಡ ಎರಡು ಪರಂಪರೆಗಳು ಒಂದೇ ಉಪಾಯಕ್ಕೆ ಬಂದು ನಿಂತದ್ದು ನನಗೆ ತುಂಬ ಇಷ್ಟವಾದ ಸಂಗತಿ.

ಈ ಬಿಂದುವಿನ ಹೆಸರು ಬಹಳ ಹಳೆಯದು. ಕ್ರಿಸ್ತಶಕ 3ನೇ ಶತಮಾನದಲ್ಲಿದ್ದ ಹುವಾಂಗ್‌ಫು ಮೀ ಎಂಬ ವಿದ್ವಾಂಸ ಅಕ್ಯುಪಂಕ್ಚರ್ ಬಗ್ಗೆಯೇ ಒಂದು ವ್ಯವಸ್ಥಿತ ಗ್ರಂಥ ಬರೆದ. ಸ್ವತಃ ವಾತದಿಂದ ಕೈಕಾಲು ಹಿಡಿದು ನರಳಿದವನು ಅವನು. ಗ್ರಂಥದಲ್ಲಿ 349 ಬಿಂದುಗಳಿವೆ, ಅವುಗಳಲ್ಲಿ ಟಿಯಾವ್‌ಕೊ ಕೂಡ ಒಂದು. ಆದರೆ ಹಳೆಯ ಗ್ರಂಥಗಳು ಇದನ್ನು ಹೇಳುವುದು ಮುಖ್ಯವಾಗಿ ಕಾಲಿನ ತೊಂದರೆಗಳಿಗೆ, ಕಣಕಾಲಿನ ನೋವಿಗೆ, ಜೋಮಿಗೆ. ಭುಜಕ್ಕೆ ಇದು ಹೆಸರು ಮಾಡಿದ್ದು 20ನೇ ಶತಮಾನದಲ್ಲಿ, ಚಿಕಿತ್ಸಕರ ಕೈಯ ಅನುಭವದಿಂದ. ‘ಐದು ಸಾವಿರ ವರ್ಷದ ಹಿಂದಿನ ರಹಸ್ಯ ಬಿಂದು’ ಎಂದು ಯಾರಾದರೂ ಜಾಹೀರಾತು ಕೊಟ್ಟರೆ ನಂಬಬೇಡಿ. ಪರಂಪರೆ ನಿಂತ ನೀರಲ್ಲ. ಆ ಚಿಕಿತ್ಸಕರು ನೋಡುತ್ತಾ, ಕಲಿಯುತ್ತಾ, ಹೊಸದನ್ನು ಸೇರಿಸುತ್ತಾ ಬಂದಿದ್ದಾರೆ. ಅವರ ಮೇಲಿನ ಗೌರವ ಇದರಿಂದ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಕಾಲಿಗೂ ಭುಜಕ್ಕೂ ಸಂಬಂಧ ಏನು ಎಂದರೆ ಅವರ ಶಾಸ್ತ್ರ ಹೀಗೆ ಹೇಳುತ್ತದೆ. ಜಠರ ನಾಳ ಮುಖದಲ್ಲಿ ಆರಂಭವಾಗಿ, ಕತ್ತು, ಎದೆ, ಹೊಟ್ಟೆ ಹಾದು, ಕಾಲಿನ ಮುಂಭಾಗದಲ್ಲಿ ಇಳಿದು ಎರಡನೇ ಬೆರಳಿಗೆ ಮುಗಿಯುತ್ತದೆ. ಅದಕ್ಕೆ ಜೋಡಿಯಾದ ದೊಡ್ಡಕರುಳಿನ ನಾಳ ತೋರುಬೆರಳಿನಿಂದ ಹೊರಟು ಭುಜದ ಮುಂಭಾಗವನ್ನು ಹಾದುಹೋಗುತ್ತದೆ. ಮೇಲಿನ ನಾಳದ ತೊಂದರೆಗೆ ಕೆಳಗಿನ ಜೋಡಿಯಲ್ಲಿ ಚಿಕಿತ್ಸೆ ಮಾಡು ಎಂಬುದು ಅವರ ಹಳೆಯ ನಿಯಮ. ಅಂಗರಚನೆಯ ಪುಸ್ತಕದಲ್ಲಿ ಈ ನಾಳಗಳು ಸಿಗುವುದಿಲ್ಲ. ಛೇದಿಸಿ ನೋಡಿದರೆ ಟಿಯಾವ್‌ಕೊದ ಕೆಳಗೆ ಇರುವುದು ಪಾದವನ್ನು ಮೇಲೆತ್ತುವ ಸ್ನಾಯು, ಅದರ ಆಳದಲ್ಲಿ ಒಂದು ರಕ್ತನಾಳ, ಒಂದು ನರ. ನರವಿಜ್ಞಾನ ಬೇರೆ ದಾರಿಯಿಂದ ವಿವರಿಸುತ್ತದೆ. ಮೈಯ ಯಾವುದೋ ಒಂದು ಕಡೆ ಬಲವಾದ ಪ್ರಚೋದನೆ ಕೊಟ್ಟರೆ ಇನ್ನೊಂದು ಕಡೆಯ ನೋವಿನ ಸಂದೇಶವನ್ನು ಮಿದುಳುಕಾಂಡ ತಾತ್ಕಾಲಿಕವಾಗಿ ತಗ್ಗಿಸುತ್ತದೆ ಎಂದು 1979ರಲ್ಲಿ ಫ್ರಾನ್ಸಿನ ಲೆ ಬಾರ್ ಮತ್ತು ಸಂಗಡಿಗರು ಪ್ರಯೋಗಗಳಲ್ಲಿ ತೋರಿಸಿದರು. ಅಕ್ಯುಪಂಕ್ಚರ್‌ನಿಂದ ದೇಹದಲ್ಲೇ ಇರುವ, ನೋವು ತಗ್ಗಿಸುವ ಎಂಡಾರ್ಫಿನ್‌ಗಳು ಹೊರಬರುತ್ತವೆ ಎಂಬುದಕ್ಕೆ 1970ರ ದಶಕದಿಂದಲೂ ಬೀಜಿಂಗಿನ ಹಾನ್ ಜಿಶೆಂಗ್, ಟೊರಾಂಟೊದ ಪೊಮೆರಾಂಜ್ ಮೊದಲಾದವರು ಪುರಾವೆ ಕೂಡಿಸಿದ್ದಾರೆ. ಹಾಗಾಗಿ ಕಾಲಿಗೆ ಚುಚ್ಚಿದರೆ ಭುಜಕ್ಕೆ ಹಿತವಾಗುವುದು ಅಸಾಧ್ಯವಾದದ್ದೇನಲ್ಲ. ಅದು ಆ ಬಿಂದುವೇ ಆಗಿರಬೇಕೇ, ಪಕ್ಕದ ಒಂದಂಗುಲ ಆದರೂ ನಡೆಯುತ್ತದೆಯೇ ಎಂಬ ಪ್ರಶ್ನೆ ಮಾತ್ರ ಇನ್ನೂ ಬಗೆಹರಿದಿಲ್ಲ.

ಸೂಜಿ ಹಾಕುವಾಗ ಏನಾಗುತ್ತದೆ? ಇಂಜೆಕ್ಷನ್ ಸೂಜಿಯನ್ನು ನೆನೆಸಿಕೊಂಡು ಹೆದರಬೇಡಿ. ಇದರೊಳಗೆ ಕೊಳವೆ ಇಲ್ಲ, ಔಷಧಿಯೂ ಇಲ್ಲ. ಗಟ್ಟಿ ಉಕ್ಕಿನ ಎಳೆ, ದಪ್ಪ ಹೆಚ್ಚೆಂದರೆ ಮೂರನೇ ಒಂದು ಮಿಲಿಮೀಟರ್. ಸ್ಪಿರಿಟ್ ಹಚ್ಚಿ ಒರೆಸಿ, ಚರ್ಮದ ಮೇಲೆ ಸಣ್ಣ ಪ್ಲಾಸ್ಟಿಕ್ ನಳಿಗೆ ಇಟ್ಟು ಸೂಜಿಯ ತಲೆಯನ್ನು ಟಕ್ ಎಂದು ತಟ್ಟುತ್ತಾರೆ. ಇರುವೆ ಕಡಿದಷ್ಟೂ ಗೊತ್ತಾಗದೆ ಚರ್ಮ ದಾಟುತ್ತದೆ. ಆಮೇಲೆ ನಿಧಾನವಾಗಿ ಒಂದು ಒಂದೂವರೆ ಅಂಗುಲ ಒಳಗೆ ಇಳಿಸುತ್ತಾರೆ. ಅನುಭವಿಗಳಾದ ಕೆಲವರು ಮೀನಖಂಡದ ಕಡೆಗೆ, ಇನ್ನೊಂದು ಬಿಂದುವಿನ ದಿಕ್ಕಿಗೆ, ಇನ್ನೂ ಆಳಕ್ಕೆ ಒಯ್ಯುತ್ತಾರೆ. ಎರಡು ಬೆರಳಲ್ಲಿ ಸೂಜಿಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುವಾಗ ಒಂದು ಕ್ಷಣದಲ್ಲಿ ಕಾಲಿನಲ್ಲಿ ಮಂದವಾದ, ಭಾರವಾದ, ತುಂಬಿಕೊಂಡಂಥ ನೋವು ಏಳುತ್ತದೆ. ಕೆಲವರಿಗೆ ಪಾದದವರೆಗೂ ಜುಮ್ಮೆನ್ನುತ್ತದೆ. ಚೀನೀ ಚಿಕಿತ್ಸಕರು ಕಾಯುವುದು ಇದಕ್ಕೇ. ಇದು ಬಾರದಿದ್ದರೆ ಸೂಜಿ ಹಾಕಿದ್ದೂ ಹಾಕದ್ದೂ ಒಂದೇ ಎನ್ನುವವರಿದ್ದಾರೆ.

ಅಸಲು ಕೆಲಸ ಶುರುವಾಗುವುದು ಇಲ್ಲಿಂದ. ಸೂಜಿ ಕಾಲಿನಲ್ಲಿರುವಾಗಲೇ ಚಿಕಿತ್ಸಕರು ‘ಈಗ ಕೈ ಎತ್ತಿ’ ಎನ್ನುತ್ತಾರೆ. ಮುಂದಕ್ಕೆ, ಪಕ್ಕಕ್ಕೆ, ಬೆನ್ನ ಹಿಂದಕ್ಕೆ. ಅವರು ಸೂಜಿ ತಿರುಗಿಸುತ್ತಿರುತ್ತಾರೆ, ರೋಗಿ ಕೈಯಾಡಿಸುತ್ತಿರುತ್ತಾರೆ. ಕಿವಿಯ ಮಟ್ಟಕ್ಕೆ ನಿಲ್ಲುತ್ತಿದ್ದ ಕೈ ಎಷ್ಟೋ ಸಲ ಆಗಲೇ ಒಂದು ಗೇಣು ಮೇಲೆ ಹೋಗುತ್ತದೆ. ಭುಜಕ್ಕೆ ಸೂಜಿ ಹಾಕಿದ್ದರೆ ಹೀಗೆ ಕೈಯಾಡಿಸಲು ಆಗುತ್ತಿರಲಿಲ್ಲ. ದೂರದ ಬಿಂದುವಿನ ದೊಡ್ಡ ಅನುಕೂಲ ಇದೇ. ನೋಯುವ ಬದಿಯ ಕಾಲಿಗೋ ಎದುರು ಬದಿಗೋ ಎಂಬುದರಲ್ಲಿ ಚಿಕಿತ್ಸಕರಲ್ಲೇ ಎರಡು ಮತಗಳಿವೆ, ಅದಕ್ಕೆ ನಾವು ತಲೆಕೆಡಿಸಿಕೊಳ್ಳುವುದು ಬೇಡ.

ಆ ಕ್ಷಣ ಕೈ ಮೇಲೆದ್ದದ್ದನ್ನು ನೋಡಿ ‘ವಾಸಿಯಾಯಿತು’ ಎಂದು ಕುಣಿಯುವಂತಿಲ್ಲ. ನೋವಿನ ಹೆದರಿಕೆಯಿಂದ ಸ್ನಾಯುಗಳು ಬಿಗಿಹಿಡಿದಿದ್ದವು, ಅವು ಸಡಿಲವಾದವು, ಅಷ್ಟೇ. ಕುಗ್ಗಿದ ಚೀಲ ಒಂದು ಸೂಜಿಗೆ ಹಿಗ್ಗುವುದಿಲ್ಲ. ನೋವು ತಗ್ಗಿದ ಆ ಹೊತ್ತಿನಲ್ಲಿ ಭುಜಕ್ಕೆ ಕೆಲಸ ಕೊಟ್ಟವರಿಗೆ ಲಾಭ. ಸೂಜಿ ತೆಗೆಸಿಕೊಂಡು ಮನೆಗೆ ಹೋಗಿ ಕೈಯನ್ನು ಮಡಿಲಲ್ಲಿಟ್ಟು ಕೂತವರಿಗೆ ಮರುದಿನ ಅದೇ ಭುಜ, ಅದೇ ನೋವು. ಟಿಯಾವ್‌ಕೊ ಬಗ್ಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ವ್ಯಾಯಾಮದ ಜೊತೆಗಿದ್ದರೆ ಅದು ಒಳ್ಳೆಯ ನೆಂಟ. ಅದೊಂದನ್ನೇ ನೆಚ್ಚಿಕೊಂಡರೆ ದುಡ್ಡೂ ದಿನವೂ ದಂಡ.

ಇದಕ್ಕೆ ಪರೀಕ್ಷೆಯ ಆಧಾರವೂ ಇದೆ. ಸ್ಪೇನಿನಲ್ಲಿ ಹೋರ್ಹೆ ವಾಸ್ ಎಂಬ ವೈದ್ಯರ ತಂಡ ಈ ಒಂದೇ ಬಿಂದುವನ್ನು ಆರಿಸಿಕೊಂಡು ಪರೀಕ್ಷೆ ನಡೆಸಿ 2008ರಲ್ಲಿ ಪ್ರಕಟಿಸಿತು. ಒಂದು ಬದಿಯ ಭುಜದಲ್ಲಿ ಕಂಡರದ ನೋವಿದ್ದ 425 ಮಂದಿ ಅದರಲ್ಲಿದ್ದರು. ಎಲ್ಲರಿಗೂ ಫಿಸಿಯೋಥೆರಪಿ ಇತ್ತು. ಅರ್ಧದಷ್ಟು ಜನಕ್ಕೆ ಅದರ ಜೊತೆ ವಾರಕ್ಕೊಂದರಂತೆ ಮೂರು ವಾರ ಟಿಯಾವ್‌ಕೊದಲ್ಲಿ ಸೂಜಿ, ಉಳಿದವರಿಗೆ ನೋವಿಗೆ ವಿದ್ಯುತ್ ಕೊಡುವಂತೆ ಕಾಣುವ, ಆದರೆ ವಿದ್ಯುತ್ ಹರಿಯದ ಹುಸಿ ಯಂತ್ರ. ನಾಲ್ಕು ವಾರಕ್ಕೆ ನೋಡಿದಾಗ, ನೂರು ಅಂಕದ ಭುಜದ ಅಳತೆಯಲ್ಲಿ ಸೂಜಿಯವರು ಸರಾಸರಿ 16.6 ಅಂಕ ಮೇಲೇರಿದ್ದರು, ಇನ್ನೊಂದು ಗುಂಪು 10.6. ನೋವಿನ ಮಾತ್ರೆ ಕಡಿಮೆ ಮಾಡಿದವರು ಸೂಜಿಯ ಗುಂಪಿನಲ್ಲಿ ನೂರಕ್ಕೆ 53, ಇನ್ನೊಂದರಲ್ಲಿ 30. ಆರು ಅಂಕದ ವ್ಯತ್ಯಾಸ ದೊಡ್ಡದಲ್ಲ. ಮಾತ್ರೆ ಕಡಿಮೆ ಮಾಡಿದವರ ಲೆಕ್ಕ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ನಮ್ಮಲ್ಲಿ ಅರವತ್ತು ದಾಟಿದವರು ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ ತಂದುಕೊಳ್ಳುವುದನ್ನು ನೋಡಿದವರಿಗೆ ಅದರ ಬೆಲೆ ತಿಳಿಯುತ್ತದೆ.

ಎರಡು ವರ್ಷದ ನಂತರ, 2010ರಲ್ಲಿ, ಜರ್ಮನಿಯಿಂದ ಇನ್ನೊಂದು ಪರೀಕ್ಷೆ ಬಂತು. 31 ಮೂಳೆ ವೈದ್ಯರ ಬಳಿ 424 ರೋಗಿಗಳು, ಆರು ವಾರದಲ್ಲಿ 15 ಸಲ ಚಿಕಿತ್ಸೆ. ಅಲ್ಲಿ ಒಂದೇ ಬಿಂದುವಲ್ಲ, ಪೂರ್ಣ ಅಕ್ಯುಪಂಕ್ಚರ್. ಚಿಕಿತ್ಸೆ ಮುಗಿದು ಮೂರು ತಿಂಗಳಾದ ಮೇಲೆ ನೋವು ಅರ್ಧದಷ್ಟಾದರೂ ಇಳಿದವರು ನೂರಕ್ಕೆ 65. ಬಿಂದುವಲ್ಲದ ಕಡೆ ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲಿ 24, ಮಾಮೂಲು ಚಿಕಿತ್ಸೆ ಪಡೆದವರಲ್ಲಿ 37. ಕೇಳಲು ಹಿತವಾದ ಅಂಕಿಗಳೇ. ಆದರೆ 2005ರಲ್ಲಿ ಕಾಕ್ರೇನ್ ಸಂಸ್ಥೆಗಾಗಿ ಒಂಬತ್ತು ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದವರು, ಸ್ವಲ್ಪ ಕಾಲದ ಉಪಶಮನ ಇರಬಹುದು, ಖಚಿತವಾಗಿ ಹೇಳುವಷ್ಟು ಆಧಾರ ಇಲ್ಲ ಎಂದಿದ್ದರು. ಸೂಜಿ ಹಾಕುವವರಿಗೆ ತಾವು ನಿಜವಾದದ್ದನ್ನು ಹಾಕುತ್ತಿದ್ದೇವೋ ಹುಸಿಯದನ್ನೋ ಎಂದು ಗೊತ್ತೇ ಇರುತ್ತದೆ. ಅವರ ಮಾತು, ಮುಖಭಾವಗಳಿಂದ ರೋಗಿಗೂ ಸುಳಿವು ಸಿಗಬಹುದು. ಈ ಕೊರತೆಯನ್ನು ಯಾವ ಪರೀಕ್ಷೆಯೂ ಪೂರ್ತಿ ನೀಗಿಸಿಕೊಂಡಿಲ್ಲ. ಇಷ್ಟನ್ನೂ ಲೆಕ್ಕಕ್ಕೆ ಹಿಡಿದು ನನ್ನ ಅಭಿಪ್ರಾಯ ಇದು: ಭುಜದ ನೋವಿಗೆ ಸರಿಯಾದ ತಪಾಸಣೆ ಆಗಿದ್ದರೆ, ವ್ಯಾಯಾಮ ನಡೆಯುತ್ತಿದ್ದರೆ, ಜೊತೆಗೆ ಅಕ್ಯುಪಂಕ್ಚರ್ ಮಾಡಿಸಿ ನೋಡುವುದು ಯುಕ್ತ.

ಸುರಕ್ಷತೆಯ ದೃಷ್ಟಿಯಿಂದಲೂ ಕಾಲಿನ ಈ ಬಿಂದು ನನಗೆ ಮೆಚ್ಚು. ಹೆಗಲ ಮೇಲ್ಭಾಗದಲ್ಲಿ, ಕತ್ತಿಗೂ ಭುಜದ ತುದಿಗೂ ನಡುವೆ, ಜಿಯಾನ್‌ಜಿಂಗ್ ಎಂಬ ಇನ್ನೊಂದು ಹೆಸರುವಾಸಿ ಬಿಂದು ಇದೆ. ಅದರ ನೇರ ಕೆಳಗೆ ಶ್ವಾಸಕೋಶದ ತುದಿ ಇದೆ. ಕಲಿಯದ ಕೈ ಅಲ್ಲಿ ಸೂಜಿಯನ್ನು ಆಳಕ್ಕೆ ಇಳಿಸಿದರೆ ಶ್ವಾಸಕೋಶಕ್ಕೆ ತೂತು ಬೀಳಬಹುದು. ಗರ್ಭಿಣಿಯರಿಗೆ ಆ ಬಿಂದುವನ್ನು ಬಳಸುವುದಿಲ್ಲ. ಕಾಲಿನಲ್ಲಿ ಅಂಥ ಅಪಾಯ ಇಲ್ಲ, ಆದರೂ ಎಚ್ಚರ ಬೇಡವೆಂದಲ್ಲ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾದವರು, ಕಾಲಿನಲ್ಲಿ ಗಾಯ ಇರುವವರು, ಬಾವು ಇರುವವರು ಅಲ್ಲಿ ಸೂಜಿ ಹಾಕಿಸಿಕೊಳ್ಳಬಾರದು. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲಿ, ಒಮ್ಮೆ ಬಳಸಿದ್ದನ್ನು ಎಸೆಯಲಿ. ಕೇಳಲು ಸಂಕೋಚ ಬೇಡ.

ಯಾರ ಹತ್ತಿರ ಹೋಗಬೇಕು ಎಂಬುದು ಮುಂದಿನ ಪ್ರಶ್ನೆ. ಅದಕ್ಕೂ ಮೊದಲು ಈ ವಿದ್ಯೆ ನಮ್ಮಲ್ಲಿಗೆ ಬಂದ ಬಗೆ ನೋಡೋಣ. ಅಕ್ಯುಪಂಕ್ಚರ್ ಭಾರತಕ್ಕೆ ಬಂದದ್ದು ಒಂದು ಸ್ನೇಹದ ಕಾಣಿಕೆಯಾಗಿ. 1938ರಲ್ಲಿ ಯುದ್ಧದಲ್ಲಿ ಗಾಯಗೊಂಡ ಚೀನೀಯರ ಶುಶ್ರೂಷೆಗೆ ನಮ್ಮಿಂದ ಐವರು ವೈದ್ಯರು ಹೋದರು. ಅವರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ 1942ರಲ್ಲಿ ಅಲ್ಲೇ ತೀರಿಕೊಂಡರು. ಅವರ ಸಂಗಡಿಗ ವಿಜಯಕುಮಾರ ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆ ಕಲಿತು, 1959ರಲ್ಲಿ ಕಲ್ಕತ್ತೆಯಲ್ಲಿ ಚಿಕಿತ್ಸೆ ಆರಂಭಿಸಿದರು. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು ಒಂದು ಚಿಕಿತ್ಸಾ ಪದ್ಧತಿಯಾಗಿ ಮಾನ್ಯ ಮಾಡಿತು. ನಮ್ಮಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ ಓದುವವರಿಗೆ ಅಕ್ಯುಪಂಕ್ಚರ್ ಒಂದು ಪಾಠವಾಗಿದೆ. ವಾರಾಂತ್ಯದ ಶಿಬಿರದಲ್ಲಿ ಕಲಿತು ಬೋರ್ಡು ಹಾಕಿಕೊಂಡವರೂ ಇದ್ದಾರೆ. ಎಲ್ಲಿ ಕಲಿತಿರಿ, ಎಷ್ಟು ವರ್ಷ ಕಲಿತಿರಿ ಎಂದು ಕೇಳಿಯೇ ಮುಂದುವರಿಯಿರಿ.

ಎಲ್ಲ ಭುಜದ ನೋವೂ ಭುಜದ್ದಲ್ಲ ಎಂಬುದನ್ನೂ ಹೇಳಲೇಬೇಕು. ಎಡ ಭುಜದ ನೋವಿನ ಜೊತೆ ಎದೆ ಹಿಂಡಿದಂತಾದರೆ, ಬೆವರು, ಉಸಿರುಕಟ್ಟು ಇದ್ದರೆ ಅದು ಹೃದಯದ ಕರೆ. ಸೂಜಿಯವರ ಬಳಿಗಲ್ಲ, ನೇರವಾಗಿ ಆಸ್ಪತ್ರೆಗೆ ಓಡಬೇಕು. ಬಿದ್ದ ಮೇಲೆ ಬಂದ ನೋವು, ಜ್ವರದೊಂದಿಗೆ ಬಂದ ನೋವು, ಕೈ ಬಲ ಕಳೆದುಕೊಂಡದ್ದು, ಕಾರಣವಿಲ್ಲದೆ ಮೈ ಇಳಿಯುತ್ತಿರುವುದು, ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರ ತಪಾಸಣೆ ಆಗಲಿ.

ಕೊನೆಯದಾಗಿ ನನ್ನ ಕೋರಿಕೆ. ಭುಜ ಬಿಗಿದು ಕೆಲವು ವಾರಗಳಾಗಿದ್ದರೆ, ಸಕ್ಕರೆ ಕಾಯಿಲೆ ಇಲ್ಲವೆಂದು ನೀವು ನಂಬಿದ್ದರೂ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ. ಭುಜದ ಬಿಗಿತದಿಂದಲೇ ತಮ್ಮ ಸಕ್ಕರೆ ಕಾಯಿಲೆ ಪತ್ತೆಯಾದವರಿದ್ದಾರೆ. ಸೂಜಿ ಹಾಕಿಸಿಕೊಂಡರೂ ಸರಿ, ಇಲ್ಲದಿದ್ದರೂ ಸರಿ, ದಿನಕ್ಕೆ ಎರಡು ಮೂರು ಹೊತ್ತು ಗೋಡೆಯ ಎದುರು ನಿಂತು ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸಿ. ನೋವು ಶುರುವಾಗುವ ಕಡೆ ನಿಂತು, ಹತ್ತು ಎಣಿಸಿ, ಇಳಿಸಿ. ಮುಂದಕ್ಕೆ ಬಾಗಿ ಕೈಯನ್ನು ಇಳಿಬಿಟ್ಟು ಸುತ್ತ ತೂಗಿ. ಯಾರೂ ಜೋರಾಗಿ ಎಳೆಯಲು ಬಿಡಬೇಡಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರು ಟಿಯಾವ್‌ಕೊವನ್ನು ಹೆಬ್ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಲಿ, ಆ ಹೊತ್ತಿನಲ್ಲಿ ನೀವು ಕೈಯಾಡಿಸಿ. ಅದಕ್ಕೆ ಖರ್ಚಿಲ್ಲ, ಕಾಲಿನಲ್ಲಿ ಗಾಯ, ಬಾವು ಇಲ್ಲದಿದ್ದರೆ ಅಪಾಯವೂ ಇಲ್ಲ. ಮೂರು ವಾರ ಬಿಡದೆ ಮಾಡಿ, ಕೈ ಎಲ್ಲಿಯವರೆಗೆ ಏಳುತ್ತದೆ ಎಂದು ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾ ಬನ್ನಿ. ಗುರುತು ಮೇಲೆ ಹೋಗದಿದ್ದರೆ ಆ ಲೆಕ್ಕವನ್ನೇ ತೆಗೆದುಕೊಂಡು ವೈದ್ಯರನ್ನು ಕಾಣಿ.